ಗುಮಾಸ್ತರ ಮೇಜಿನಿಂದ: ಗಿಳಿಗೆ ಹೊಸ ಪಾಠ

ದಿನಕ್ಕೆ ಇಪ್ಪತ್ತು ಕಾಗದ. ಪ್ರತಿಯೊಂದರ ತಲೆಯಲ್ಲೂ ಅದೇ ವಿಳಾಸ, ಕೆಳಗೆ ತಾರೀಖು. ಬೇಸತ್ತ ನಾವು ಕಂಪ್ಯೂಟರಿನ ವರ್ಡ್‌ನಲ್ಲಿ ಆ ಟೈಪಿಂಗನ್ನು ಒಮ್ಮೆ ಮ್ಯಾಕ್ರೋ ಆಗಿ ರೆಕಾರ್ಡ್ ಮಾಡಿಟ್ಟೆವು. ಅಪ್ಪಣೆಯಾದೊಡನೆ ಗಿಳಿಯಂತೆ ಪಾಠ ಒಪ್ಪಿಸತೊಡಗಿತು. ಮರುದಿನವೂ ಒಪ್ಪಿಸಿತು, ಹಿಂದಿನ ದಿನದ ತಾರೀಖಿನ ಸಮೇತ! ಹನ್ನೊಂದು ಕಾಗದಗಳು ಸಾಹೇಬರ ಕೆಂಪು ಶಾಯಿ ಹೊತ್ತು ಮರಳಿದವು.

ಮತ್ತೆ ರೆಕಾರ್ಡ್ ಮಾಡುವುದೇ? ನಾಳೆಯೂ ಅದೇ ಗತಿ. ಆಲ್ಟ್ ಮತ್ತು ಎಫ್8 ಕೀಲಿಗಳನ್ನು ಕೂಡಿಸಿ ಒತ್ತಿ, ಮ್ಯಾಕ್ರೋವಿನ ಹೆಸರು ಹಿಡಿದು ‘ಎಡಿಟ್’ ಎಂದೆವು. ನಾವು ಟೈಪು ಮಾಡಿದ್ದೆಲ್ಲ ವಿಷುಯಲ್ ಬೇಸಿಕ್ ಸಾಲುಗಳಾಗಿ ಕುಳಿತಿತ್ತು. ತಪ್ಪಾಗಿ ಒತ್ತಿದ್ದು, ಅಳಿಸಿದ್ದು ಸಹ! (ನಮ್ಮ ಗುಪ್ತ ವರದಿಯೂ ಇಷ್ಟು ನಿಷ್ಠುರವಿರಲಾರದು.) ‘ಟೈಪ್‌ಟೆಕ್ಸ್ಟ್’ ಎಂಬ ಸಾಲಿನಲ್ಲಿದ್ದ ತಾರೀಖನ್ನು ಅದರ ಉದ್ಧರಣ ಚಿಹ್ನೆಗಳ ಸಮೇತ ತೆಗೆದು, ಬರಿಯ ‘ಡೇಟ್’ ಎಂದು ಬರೆದೆವು. ಚಿಹ್ನೆಗಳನ್ನು ಉಳಿಸಿದ್ದರೆ ‘ಡೇಟ್’ ಎಂಬ ಅಕ್ಷರಗಳೇ ಕಾಗದಕ್ಕೆ ಬರುತ್ತಿದ್ದವು. ಈಗ ಆಯಾ ದಿನದ ತಾರೀಖೇ ಬೀಳುತ್ತದೆ. ತಪ್ಪಿನ ಸಾಲುಗಳನ್ನು ಮಾತ್ರ ಸಾಹೇಬರ ಕಣ್ಣಿಗೆ ಬೀಳುವ ಮೊದಲೇ ಕಿತ್ತೆಸೆದೆವು.