ಪಿಕಪ್ ಕೊಳ್ಳೋಕೆ ಮುಂಚೆ ನಿಮ್ಮ ದೂರು ಬರೆದುಕೊಳ್ಳಿ

(1/6)
ಎಲೆಕ್ಟ್ರಿಕ್ ಗಿಟಾರ್ ಇರೋ ಕ್ಲಾಸ್‌ಮೇಟ್ಸು, ಜೂನಿಯರ್ಸು ಎಲ್ರೂ ಈಚೆಗೆ ಮೆಸೇಜ್ ಮಾಡಿ ಕೇಳ್ತಿರೋದು ಒಂದೇ ಪ್ರಶ್ನೆ: "ಯಾವ ಪಿಕಪ್ ಹಾಕಿಸ್ಲಿ? ಸೆಮೋರ್ ಡಂಕನ್ನಾ, ಡಿಮಾರ್ಜಿಯೋನಾ, ಇಎಂಜಿನಾ?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬ್ರ್ಯಾಂಡ್ ಆಮೇಲೆ. ನಿಮ್ಮ ಗಿಟಾರ್ ಮೇಲೆ ನಿಮಗಿರೋ ದೂರನ್ನ ಒಂದು ವಾಕ್ಯದಲ್ಲಿ ಬರೀರಿ. ಬರೆಯೋಕೆ ಆಗ್ಲಿಲ್ಲ ಅಂದ್ರೆ ದುಡ್ಡು ಖರ್ಚು ಮಾಡ್ಬೇಡಿ.

ಯಾಕೆ ಇಷ್ಟು ಖಾರವಾಗಿ ಹೇಳ್ತಿದ್ದೀನಿ ಅಂದ್ರೆ, ಆಮದಾದ ಒಂದು ಒಳ್ಳೆ ಪಿಕಪ್ ಸೆಟ್‌ನ ಬೆಲೆ ನಮ್ಮಲ್ಲಿ ಎಷ್ಟೋ ಜನರ ಇಡೀ ಗಿಟಾರಿನ ಬೆಲೆಗಿಂತ ಜಾಸ್ತಿ. ಆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ನಮಗೆಲ್ಲ ಗೊತ್ತು. ಪಿರಿಯಾಪಟ್ಟಣದ ಹೊಗೆಸೊಪ್ಪು ಹರಾಜಿನಿಂದಲೋ, ಶುಂಠಿಯಿಂದಲೋ, ಅಪ್ಪನ ಸಂಬಳದಿಂದಲೋ. ಯಾರೋ ಅಮೆರಿಕಾದಲ್ಲಿ ಕೂತು ಮಾಡಿದ ವಿಡಿಯೋದಲ್ಲಿ "ಫರಕ್ ನೋಡಿ" ಅಂದಿದ್ದಕ್ಕೆ ಅದನ್ನ ಕೊಟ್ಟುಬಿಡೋದು ಸರಿ ಅಲ್ಲ.

(2/6)
ಪಿಕಪ್ ಅಂದ್ರೆ ಏನು ಅನ್ನೋದು ಸ್ಪಷ್ಟ ಆದ್ರೆ ಅರ್ಧ ಗೊಂದಲ ಹೋಗುತ್ತೆ. ದ್ವಿತೀಯ ಪಿಯುಸಿ ಫಿಜಿಕ್ಸ್‌ನಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಪಾಠ ಓದ್ತೀವಲ್ಲ, 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು, ಅದೇ ಇದು. ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಸ್ಟೀಲ್ ತಂತಿ ನಡುಗಿದಾಗ ಕಾಂತಕ್ಷೇತ್ರ ಬದಲಾಗುತ್ತೆ, ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತೆ. ಆಂಪ್ ಅದನ್ನ ದೊಡ್ಡದು ಮಾಡುತ್ತೆ.

ಅಂದ್ರೆ ಪಿಕಪ್ ಮೈಕ್ ಅಲ್ಲ. ಅದು ಗಾಳಿಯ ಶಬ್ದ ಕೇಳಲ್ಲ, ಲೋಹ ಅಲುಗಾಡೋದನ್ನ ಗಮನಿಸುತ್ತೆ. ಅದಕ್ಕೇ ನೈಲಾನ್ ತಂತಿಯ ಗಿಟಾರಿಗೆ ಇಂಥ ಪಿಕಪ್ ಹಾಕಿದ್ರೆ ಏನೂ ಕೇಳಲ್ಲ. ನಮ್ಮ ಮೈಸೂರು ಕಡೆಯ ವೀಣೆಗೆ ಹಾಕಿ ನೋಡಿದ್ರೂ ಸ್ಟೀಲ್ ತಂತಿಗಳು ಜೋರಾಗಿ, ಹಿತ್ತಾಳೆ, ಕಂಚಿನವು ಮೆಲ್ಲಗೆ ಕೇಳ್ತವೆ. ವೀಣೆಯವರು ಮೈಗೆ ಅಂಟಿಸೋ ಕಾಂಟ್ಯಾಕ್ಟ್ ಮೈಕ್ ಬಳಸೋಕೆ ಇದೂ ಒಂದು ಕಾರಣ.

(3/6)
ನಮ್ಮ ಕಡೆ ಬರೋ ದೂರುಗಳಲ್ಲಿ ನಂಬರ್ ಒನ್: "ಜುಯ್ ಅಂತ ಹಮ್ ಬರುತ್ತೆ."

ಭಾರತದಲ್ಲಿ ಕರೆಂಟ್ 50 ಹರ್ಟ್ಜ್. ವೈರಿಂಗು, ಟ್ರಾನ್ಸ್‌ಫಾರ್ಮರು, ಡಿಮ್ಮರು, ಅಗ್ಗದ ಎಲ್‌ಇಡಿ ಲೈಟು ಎಲ್ಲವೂ ಸುತ್ತ ಬದಲಾಗೋ ಕಾಂತಕ್ಷೇತ್ರ ಹರಡ್ತವೆ. ಒಂಟಿ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ತಂತಿಯ ಜೊತೆ ಇದನ್ನೂ ಹಿಡ್ಕೊಳ್ಳುತ್ತೆ. ಇದಕ್ಕೆ 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಹುಡುಕಿದ ಉಪಾಯವೇ ಹಂಬಕರ್. ಎರಡು ಸುರುಳಿ, ಒಂದಕ್ಕೊಂದು ಉಲ್ಟಾ, ಅಯಸ್ಕಾಂತದ ಧ್ರುವವೂ ಉಲ್ಟಾ. ಹೊರಗಿನ ಹಮ್ ಎರಡರಲ್ಲೂ ಎದುರುಬದುರಾಗಿ ಬಂದು ಕಳೆದುಹೋಗುತ್ತೆ, ತಂತಿಯ ಸಿಗ್ನಲ್ ಮಾತ್ರ ಕೂಡುತ್ತೆ.

ಹಾಗಂತ ಹಮ್ ಬಂದ ತಕ್ಷಣ ಹಂಬಕರ್ ಆರ್ಡರ್ ಮಾಡ್ಬೇಡಿ. ಮೂರು ಪರೀಕ್ಷೆ, ಮೂರೂ ಬಿಟ್ಟಿ.

ಒಂದು, ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಹಮ್ ಹಾಗೇ ಇದ್ರೆ ತಪ್ಪು ಪಿಕಪ್‌ನದ್ದಲ್ಲ. ಕೇಬಲ್, ಆಂಪ್ ಅಥವಾ ಕರೆಂಟ್ ನೋಡಿ.
ಎರಡು, ವಾಲ್ಯೂಮ್ ಏರಿಸಿ ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ದಿಕ್ಕಿನ ಜೊತೆ ಹಮ್ ಏರಿಳಿದ್ರೆ ಅದು ಸುರುಳಿ ಹಿಡಿದ ಹಮ್. ಇಲ್ಲಿ ಹಂಬಕರ್ ಕೆಲಸ ಮಾಡುತ್ತೆ.
ಮೂರು, ತಂತಿ ಮುಟ್ಟಿದ ತಕ್ಷಣ ಶಬ್ದ ಕಮ್ಮಿ ಆಗುತ್ತಾ? ಹಾಗಾದ್ರೆ ಗಿಟಾರ್ ಒಳಗಿನ ಶೀಲ್ಡಿಂಗ್ ಸಾಲದು. ತಾಮ್ರದ ಅಂಟುಪಟ್ಟಿ ಹಾಕಿಸಿದ್ರೆ ತುಂಬಾ ಸುಧಾರಿಸುತ್ತೆ.

ಇದರ ಜೊತೆ ಒಂದು ಗಂಭೀರ ಮಾತು. ಗಣೇಶನ ಪೆಂಡಾಲಲ್ಲಿ, ಮದುವೆ ಮನೇಲಿ ಆರ್ಥಿಂಗ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡಿಂದ ಕರೆಂಟ್ ತಗೊಳ್ಳೋದು ನೋಡಿರ್ತೀರಿ. ನಿಮ್ಮ ತಂತಿಗಳು ಕೇಬಲ್ ಮೂಲಕ ಆಂಪ್‌ನ ಚಾಸಿಗೆ ಸೇರಿರ್ತವೆ. ತಂತಿ ಹಿಡಿದಾಗ, ಇಲ್ಲಾ ಮೈಕಿಗೆ ತುಟಿ ತಾಗಿದಾಗ ಜುಮ್ ಅಂದ್ರೆ ನುಡಿಸೋದು ನಿಲ್ಲಿಸಿ, ಮೇನ್ ಆಫ್ ಮಾಡಿಸಿ. ಹಮ್ ಹೋಗ್ಲಿ ಅಂತ ಪ್ಲಗ್ಗಿನ ದಪ್ಪ ಪಿನ್ನನ್ನ ಕತ್ತರಿಸೋರೂ ಇದ್ದಾರೆ. ದಯವಿಟ್ಟು ಮಾಡ್ಬೇಡಿ. ಜೀವ ಕಾಯೋ ಪಿನ್ ಅದು.

(4/6)
ದೂರು ನಂಬರ್ ಎರಡು: "ಸೌಂಡ್ ಮಂಕು", "ದಮ್ ಇಲ್ಲ". ಇಲ್ಲೂ ಬಿಟ್ಟಿ ಕೆಲಸ ಮೊದಲು.

ಆರು ತಿಂಗಳಿಂದ ತಂತಿ ಬದಲಾಯಿಸಿಲ್ಲ ಅಂದ್ರೆ ಪಿಕಪ್‌ನ ಬೈಯೋ ಹಕ್ಕು ನಿಮಗಿಲ್ಲ. ಹೊಸ ತಂತಿ ಹಾಕಿ. ಆಮೇಲೆ ಪಿಕಪ್ ಎತ್ತರ ನೋಡಿ. ಕೊನೆಯ ಫ್ರೆಟ್ಟಲ್ಲಿ ತಂತಿ ಒತ್ತಿ ಹಿಡಿದಾಗ ಪಿಕಪ್‌ಗೂ ತಂತಿಗೂ ಸುಮಾರು 2 ಮಿಲಿಮೀಟರ್ ಅಂತರದಿಂದ ಶುರು ಮಾಡಿ, ಸ್ಕ್ರೂ ಡ್ರೈವರಲ್ಲಿ ಕಾಲು ಕಾಲು ಸುತ್ತು ತಿರುಗಿಸ್ತಾ ಕಿವಿಗೊಟ್ಟು ಕೇಳಿ. ದೂರ ಆದ್ರೆ ದನಿ ಬಡಕಲು. ತೀರಾ ಹತ್ರ ಆದ್ರೆ ಅಯಸ್ಕಾಂತವೇ ತಂತಿಯನ್ನ ಎಳೆದು, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಕೆಟ್ಟಂಗೆ ಕೇಳುತ್ತೆ, ವಿಶೇಷವಾಗಿ ಸ್ಟ್ರ್ಯಾಟ್ ಮಾದರಿಯಲ್ಲಿ.

ಕೇಬಲ್ ಉದ್ದವೂ ಲೆಕ್ಕಕ್ಕೆ ಬರುತ್ತೆ. ಉದ್ದ ಜಾಸ್ತಿ ಆದಷ್ಟೂ ಅದರ ಕೆಪ್ಯಾಸಿಟೆನ್ಸ್ ಜಾಸ್ತಿ, ಟ್ರೆಬಲ್ ಕಮ್ಮಿ. ರೂಮಲ್ಲಿ ನುಡಿಸೋಕೆ 10 ಮೀಟರ್ ಕೇಬಲ್ ಯಾಕೆ? 3 ಮೀಟರ್ ಹಾಕಿ ಕೇಳಿ. ಇನ್ನು ಆರಿಂಚಿನ ಸ್ಪೀಕರ್ ಇರೋ ಪುಟ್ಟ ಆಂಪಿಗೆ ಜಗತ್ತಿನ ಯಾವ ಪಿಕಪ್ ಹಾಕಿದ್ರೂ ಅದು ಆರಿಂಚಿನ ಸ್ಪೀಕರೇ.

(5/6)
ಇಷ್ಟೆಲ್ಲ ಮಾಡಿದ ಮೇಲೂ ದೂರು ಉಳಿದಿದ್ರೆ, ಆಗ ಪಿಕಪ್ ಬದಲಾಯಿಸೋದು ನ್ಯಾಯ. ಈಗ ಆಯ್ಕೆ ಸುಲಭ, ಯಾಕಂದ್ರೆ ದೂರು ನಿಮ್ಮ ಕೈಲಿದೆ.

"ಸಿಂಗಲ್ ಕಾಯಿಲ್ ದನಿ ಇಷ್ಟ, ಹಮ್ ಬೇಡ" ಅನ್ನೋರು ಅದೇ ಜಾಗದಲ್ಲಿ ಕೂರೋ ಹಮ್ ಇಲ್ಲದ ಮಾದರಿ ನೋಡಿ. ಗಿಟಾರ್ ಕೊರೆಯೋ ಕೆಲಸ ಇಲ್ಲ.
"ಮೆಟಲ್ ನುಡಿಸುವಾಗ ಕಲಸಿಹೋಗುತ್ತೆ" ಅನ್ನೋರು ಬ್ರಿಡ್ಜ್ ಹತ್ರದ ಒಂದನ್ನ ಮಾತ್ರ ಬದಲಾಯಿಸಿ. ಸೆರಾಮಿಕ್ ಅಯಸ್ಕಾಂತದ ಹಂಬಕರ್‌ಗಳು ಸಾಮಾನ್ಯವಾಗಿ ಬಿಗಿಯಾಗಿ, ಚೂಪಾಗಿ ಕೇಳ್ತವೆ. ಪೂರ್ತಿ ಸೆಟ್ ಬೇಕಿಲ್ಲ.
"ಆರ್ಕೆಸ್ಟ್ರಾದಲ್ಲಿ ರಾಜನ್–ನಾಗೇಂದ್ರ ಹಾಡಿಗೆ ಕ್ಲೀನ್ ಕಾರ್ಡ್ ಹಾಕ್ಬೇಕು, ಮುಂದಿನ ಹಾಡಿಗೆ ರಾಕ್ ಬೇಕು" ಅನ್ನೋರು ಅಲ್ನಿಕೋ ಅಯಸ್ಕಾಂತದ, ಮಧ್ಯಮ ಔಟ್‌ಪುಟ್‌ನ, ನಾಲ್ಕು ವೈರಿನ ಹಂಬಕರ್ ತಗೊಳ್ಳಿ. ಬೇಕಾದಾಗ ಒಂದು ಸುರುಳಿ ಆಫ್ ಮಾಡ್ಬಹುದು.
"ಜಾಸ್ತಿ ಡಿಸ್ಟಾರ್ಷನ್ ಬೇಕು" ಅಷ್ಟೇ ನಿಮ್ಮ ದೂರಾದ್ರೆ, ಪೆಡಲ್ ತಗೊಳ್ಳಿ. ಪಿಕಪ್ ಬೇಡ.

ಆನ್‌ಲೈನಲ್ಲಿ "14 ಕಿಲೋ ಓಮ್" ಅಂತ ದೊಡ್ಡದಾಗಿ ಬರೆದಿರ್ತಾರೆ. ಅದು ತಂತಿಯ ರೋಧ, ಪಿಕಪ್‌ನ ಶಕ್ತಿ ಅಲ್ಲ. ಸಣ್ಣ ಗೇಜಿನ ತಂತಿ ಸುತ್ತಿದ್ರೂ ರೋಧ ಏರುತ್ತೆ. ಅಯಸ್ಕಾಂತ ಯಾವುದು, ಸುತ್ತು ಎಷ್ಟು ಅನ್ನೋದನ್ನ ಬಿಟ್ಟು ಆ ಒಂದು ನಂಬರ್ ನೋಡಿ ಕೊಳ್ಳೋದು ಮೋಸಹೋಗೋ ದಾರಿ.

(6/6)
ಆರ್ಡರ್ ಒತ್ತೋ ಮುಂಚೆ ಸ್ಕೇಲ್ ಹಿಡೀರಿ. ಆರನೇ ತಂತಿಯಿಂದ ಒಂದನೇ ತಂತಿವರೆಗೆ ಪಿಕಪ್ ಮೇಲೆ ಎಷ್ಟು? ಹಂಬಕರ್‌ಗಳಲ್ಲಿ ಸುಮಾರು 50 ಮತ್ತು 53 ಮಿಲಿಮೀಟರ್ ಎರಡೂ ಸಿಗ್ತವೆ. ಗುಂಡಿ ಎಷ್ಟು ಆಳ? ಪಾಟ್ ಯಾವುದು? ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್, ಹಂಬಕರ್‌ಗೆ 500. ಹಂಬಕರ್ ಹಾಕಿ 250 ಹಾಗೇ ಬಿಟ್ರೆ ದನಿ ಮಂಕು. ಆಮೇಲೆ ಪಿಕಪ್‌ನ ಬೈತೀರಿ.

ವೈರಿನ ಬಣ್ಣ ಕಂಪನಿಗೊಂದು ಥರ. ಆಯಾ ಕಂಪನಿಯ ಡಯಾಗ್ರಾಂ ನೋಡಿಯೇ ಬೆಸುಗೆ ಹಾಕಿಸಿ. ಬೇರೆ ಬೇರೆ ಕಂಪನಿಯ ಎರಡು ಪಿಕಪ್ ಒಟ್ಟಿಗೆ ಆನ್ ಮಾಡಿದಾಗ ದನಿ ತೆಳ್ಳಗೆ, ಟೊಳ್ಳಾಗಿ ಬಂದ್ರೆ ಪಿಕಪ್ ಕೆಟ್ಟಿಲ್ಲ, ಫೇಸ್ ಉಲ್ಟಾ ಆಗಿದೆ. ಕೊಪ್ಪದಿಂದ ಮೈಸೂರಿಗೆ 80 ಕಿಲೋಮೀಟರಿಗೂ ಹೆಚ್ಚು. ಆದ್ರೆ ಡಯಾಗ್ರಾಂ ಕೈಲಿದ್ರೆ ಸೇತುವೆ ಆಚೆ ಕುಶಾಲನಗರದಲ್ಲಿ ಬೆಸುಗೆ ಬಲ್ಲ ರೇಡಿಯೋ, ಟಿವಿ ರಿಪೇರಿಯವರೂ ಈ ಕೆಲಸ ಮಾಡ್ತಾರೆ. ಹಳೇ ಪಿಕಪ್‌ನ ಸ್ಕ್ರೂ ಸಮೇತ ಡಬ್ಬೀಲಿ ಎತ್ತಿಡಿ. ಗಿಟಾರ್ ಮಾರುವಾಗ ವಾಪಸ್ ಹಾಕಿ, ಹೊಸದನ್ನ ಮುಂದಿನ ಗಿಟಾರಿಗೆ ಉಳಿಸ್ಕೋಬಹುದು.

ಕೊನೇದಾಗಿ, ಅಗ್ಗದ ಗಿಟಾರ್ ಇಟ್ಕೊಂಡಿರೋ ಜೂನಿಯರ್ಸಿಗೆ. "ಸ್ಟಾಕ್ ಪಿಕಪ್ಪಾ?" ಅಂತ ಯಾರಾದ್ರೂ ಮೂತಿ ತಿರುಗಿಸಿದ್ರೆ ನಾಚ್ಕೋಬೇಡಿ. "ಇದರಲ್ಲಿ ನಿಂಗೆ ಏನು ಕಮ್ಮಿ ಕೇಳಿಸ್ತು?" ಅಂತ ವಾಪಸ್ ಕೇಳಿ. ಅವರು ಒಂದು ವಾಕ್ಯದಲ್ಲಿ ಹೇಳಿದ್ರೆ ಅದು ಸಲಹೆ, ಗಮನ ಕೊಡಿ. ಬರೀ ಬ್ರ್ಯಾಂಡ್ ಹೆಸರು ಹೇಳಿದ್ರೆ, ನೀವು ಪ್ರಾಕ್ಟೀಸ್ ಮುಂದುವರಿಸಿ.

ನಿಮ್ಮ ದೂರು ಏನು? ಒಂದೇ ವಾಕ್ಯದಲ್ಲಿ ಕೆಳಗೆ ಬರೀರಿ. ಬಿಟ್ಟಿ ಉಪಾಯ ಇದ್ರೆ ಮೊದಲು ಅದನ್ನೇ ಹುಡುಕೋಣ.

#ಕೊಪ್ಪ #ಪಿರಿಯಾಪಟ್ಟಣ #ಗಿಟಾರ್ #ಪಿಕಪ್ #ಕನ್ನಡದಲ್ಲೇ_ಗಿಟಾರ್