ಬೆಳಕು ತೆಗೆದ ಅಚ್ಚು

ಮದುವೆಯ ಮನೆಯಲ್ಲಿ ಬಂಧುಬಳಗವೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವಾಗ, ಹದಿಮೂರರ ಹುಡುಗಿಯೊಬ್ಬಳು ಮಾತ್ರ ತುಟಿ ಬಿಗಿದು ನಿಂತಿರುವುದುಂಟು. ಅವಳು ಸ್ವಭಾವತಃ ನಗುಮುಖದವಳೇ. ನಕ್ಕರೆ ಉಬ್ಬುಹಲ್ಲು ಕಾಣುವುದೆಂಬ ಸಂಕೋಚ. “ಕ್ಲಿಪ್ ಹಾಕಿಸೋಣ” ಎಂದು ತಂದೆ ಎನ್ನುತ್ತಾರೆ. “ದೇವರು ಕೊಟ್ಟ ಹಲ್ಲು, ಮಗುವಿನ ಬಾಯಿಗೆ ತಂತಿ ಯಾಕಪ್ಪ?” ಎಂದು ಅಜ್ಜಿ ಎನ್ನುತ್ತಾರೆ. ಈ ವಾದ ಮುಗಿದು ತಾಯಿಯೂ ಮಗಳೂ ದಂತವೈದ್ಯರಲ್ಲಿಗೆ ಹೋಗುವ ವೇಳೆಗೆ ಒಂದು ವರ್ಷ ಕಳೆದಿದ್ದರೂ ಆಶ್ಚರ್ಯವಿಲ್ಲ.

ಅಲ್ಲಿ ಮೊದಲ ಕೆಲಸ ಹಲ್ಲಿನ ಅಚ್ಚು ತೆಗೆಯುವುದು. ಲಾಳದ ಆಕಾರದ ತಟ್ಟೆಯಲ್ಲಿ ಇಡ್ಲಿಹಿಟ್ಟಿಗಿಂತ ಗಟ್ಟಿಯಾಗಿ ಕಲಸಿದ ವಸ್ತುವನ್ನು ತುಂಬಿ ದವಡೆಗೆ ಒತ್ತಿ ಹಿಡಿಯುತ್ತಾರೆ. ಅದು ಬಿಗಿದುಕೊಳ್ಳುವ ಎರಡು ಮೂರು ನಿಮಿಷ ಕುರ್ಚಿಯಲ್ಲಿ ಕುಳಿತವರಿಗೆ ಬಲು ದೀರ್ಘ. ತುಸು ಗಂಟಲ ಕಡೆಗೆ ಜಾರಿದರೆ ಸಾಕು, ಓಕರಿಕೆ ಬಂದು ಕಣ್ಣಲ್ಲಿ ನೀರಾಡುತ್ತದೆ. ಈ ವಸ್ತುವಿನ ಹೆಸರು ಆಲ್ಜಿನೇಟ್, ಕಡಲಪಾಚಿಯಿಂದ ತೆಗೆದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನಿಂದ ಬರುತ್ತಿದ್ದ ಅಗರ್ ನಿಂತುಹೋದಾಗ ಅದರ ಬದಲಿಗೆ ಇದು ರೂಢಿಗೆ ಬಂದಿತು. ಅಚ್ಚಿನೊಳಕ್ಕೆ ಪ್ಲಾಸ್ಟರ್ ಹೊಯ್ದರೆ ರೋಗಿಯ ಹಲ್ಲುಸಾಲು ಬಿಳಿಯ ಗೊಂಬೆಯಾಗಿ ಮೇಜಿನ ಮೇಲೆ ಕೂರುತ್ತದೆ. ಇಂಥ ಗೊಂಬೆಗಳಿಂದ ಕಪಾಟುಗಳು ತುಂಬಿಹೋಗುತ್ತವೆ; ಒಮ್ಮೆ ಕೈಜಾರಿದರೆ ಒಬ್ಬರ ದಾಖಲೆ ಚೂರುಚೂರು. ಆದರೂ ಎಷ್ಟೋ ಊರುಗಳಲ್ಲಿ ಇಂದಿಗೂ ಹೀಗೆಯೇ ಅಚ್ಚು ತೆಗೆಯುತ್ತಾರೆ, ಒಳ್ಳೆಯ ಚಿಕಿತ್ಸೆಯೂ ನಡೆಯುತ್ತದೆ. ಹೊಸ ಯಂತ್ರವಿಲ್ಲದ ಮಾತ್ರಕ್ಕೆ ವೈದ್ಯರು ಹಿಂದುಳಿದವರೆಂದು ತಿಳಿಯುವುದು ಅನ್ಯಾಯ.

ಆ ಹೊಸ ಯಂತ್ರಕ್ಕೆ ಸ್ಕ್ಯಾನರ್ ಎಂದು ಹೆಸರು. ಹಲ್ಲುಜ್ಜುವ ಬ್ರಷ್ಷಿಗಿಂತ ದಪ್ಪನಾದ ಒಂದು ಕೋಲು. ಅದರ ತುದಿಯಿಂದ ಬೆಳಕು ಹೊರಡುತ್ತದೆ. ವೈದ್ಯರು ಅದನ್ನು ಹಲ್ಲಿನಿಂದ ಹಲ್ಲಿಗೆ ಸಾಗಿಸುತ್ತ ಹೋದಂತೆ ಸಾವಿರಾರು ಚಿತ್ರಗಳು ಒಂದಕ್ಕೊಂದು ಹೊಲಿದುಕೊಂಡು, ತೆರೆಯ ಮೇಲೆ ಇಡೀ ದವಡೆ ಮೂಡುತ್ತದೆ. ಅದನ್ನು ಮೇಲಿನಿಂದ, ಪಕ್ಕದಿಂದ, ನಾಲಗೆಯ ಕಡೆಯಿಂದ ತಿರುಗಿಸಿ ನೋಡಬಹುದು. ಅಚ್ಚನ್ನು ಬೆಳಕಿನಿಂದಲೇ ತೆಗೆಯಬಹುದೆಂಬ ವಿಚಾರವನ್ನು ಫ್ರಾನ್ಸಿನ ಫ್ರಾಂಸ್ವಾ ದ್ಯುರೆ 1973ರಲ್ಲಿ ತಮ್ಮ ಪ್ರೌಢಪ್ರಬಂಧದಲ್ಲಿ ಮಂಡಿಸಿದರು. 1985ರಲ್ಲಿ ಜ್ಯೂರಿಕ್ಕಿನ ಮೋರ್ಮನ್ ಮತ್ತು ಬ್ರಾಂಡೆಸ್ಟೀನಿ ಇಂಥ ಯಂತ್ರವನ್ನು ರೋಗಿಯ ಬಾಯಿಯಲ್ಲಿ ಬಳಸಿದರು. ಅವರ ಗುರಿ ಹುಳುಕು ಹಲ್ಲಿಗೆ ಒಂದೇ ದಿನದಲ್ಲಿ ಪಿಂಗಾಣಿಯ ತುಂಡು ಕೂರಿಸುವುದಾಗಿತ್ತು. ಒದ್ದೆಹಲ್ಲಿನ ಹೊಳಪು ಕ್ಯಾಮೆರಾದ ಕಣ್ಣು ಕುಕ್ಕುತ್ತಿದ್ದುದರಿಂದ ಆಗ ಹಲ್ಲಿಗೆ ಬಿಳಿಯ ಪುಡಿ ಬಳಿಯಬೇಕಾಗಿತ್ತು. ಈಗಿನ ಬಹುಪಾಲು ಯಂತ್ರಗಳಿಗೆ ಪುಡಿ ಬೇಡ. ಎಂಜಲನ್ನು ಒರೆಸಿಕೊಳ್ಳುವ ತಾಳ್ಮೆ ಮಾತ್ರ ಈಗಲೂ ಬೇಕು.

ಬೆಳಕು ಆಳವನ್ನು ಅಳೆಯುವುದು ಹೇಗೆ? ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ನೇರವಾಗಿ ಬಿದ್ದಿರುತ್ತದೆ. ಅಲ್ಲೊಂದು ಅಕ್ಕಿಯ ಮೂಟೆಯನ್ನಿಟ್ಟರೆ ಅದೇ ನೆರಳು ಮೂಟೆಯ ಉಬ್ಬಿನ ಮೇಲೆ ಬಾಗುತ್ತದೆ. ಬಾಗಿದ ಗೆರೆಯನ್ನು ನೋಡಿ ಉಬ್ಬು ಎಷ್ಟೆಂದು ಲೆಕ್ಕ ಹಾಕಬಹುದು. ಹಲವು ಸ್ಕ್ಯಾನರುಗಳ ಗುಟ್ಟು ಇದೇ. ಮುಖವನ್ನು ಅಳೆಯುವ ಇನ್ನೊಂದು ಬಗೆಯಲ್ಲಿ ಎರಡು ಕಣ್ಣುಗಳ ಉಪಾಯವಿದೆ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಲು ಹೋದವರಿಗೆ ಎರಡು ಕಣ್ಣಿನ ಬೆಲೆ ತಿಳಿದಿರುತ್ತದೆ. ಎಡಗಣ್ಣು ಕಂಡದ್ದಕ್ಕೂ ಬಲಗಣ್ಣು ಕಂಡದ್ದಕ್ಕೂ ಇರುವ ಅಲ್ಪ ಭೇದದಿಂದಲೇ ಮನಸ್ಸು ದೂರವನ್ನು ಅರಿಯುವುದೆಂದು ಇಂಗ್ಲೆಂಡಿನ ವೀಟ್‌ಸ್ಟನ್ 1838ರಲ್ಲಿಯೇ ತೋರಿಸಿದ್ದರು. ಈಗ ಹಲವು ಕ್ಯಾಮೆರಾಗಳು ಎಡಬಲಗಳಿಂದ ಕ್ಷಣಾರ್ಧಕ್ಕೂ ಮುಂಚೆ ಒಮ್ಮೆಗೇ ಚಿತ್ರ ಹಿಡಿಯುತ್ತವೆ. ಅತ್ತಿತ್ತ ಅಲುಗುವ ಮಗುವಿನ ಮುಖವೂ ಸಿಕ್ಕುತ್ತದೆ. ಇವೆರಡರಲ್ಲಿಯೂ ಇರುವುದು ಬರಿಯ ಬೆಳಕು, ಕ್ಷ-ಕಿರಣವಲ್ಲ.

ಹಲ್ಲು ನೆಟ್ಟಗೆ ಮಾಡಲು ಮುಖದ ಅಳತೆ ಏಕೆಂದು ತಾಯಿ ಕೇಳಬಹುದು. ಈ ಪ್ರಶ್ನೆಯ ಮೇಲೆ ವೈದ್ಯರೊಳಗೇ ದೊಡ್ಡ ಕಲಹ ನಡೆದಿದೆ. ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಅಮೆರಿಕದ ಎಡ್ವರ್ಡ್ ಏಂಜಲ್, ಮೇಲಿನ ಮತ್ತು ಕೆಳಗಿನ ದವಡೆಹಲ್ಲುಗಳು ಕೂಡುವ ರೀತಿಯನ್ನು ನೋಡಿ 1899ರಲ್ಲಿ ವಕ್ರದಂತಗಳನ್ನು ವಿಂಗಡಿಸಿದರು. ಎಲ್ಲ ಹಲ್ಲುಗಳನ್ನೂ ಉಳಿಸಿ ಸರಿಯಾಗಿ ಜೋಡಿಸಿದರೆ ಮುಖದ ಅಂದ ತಾನಾಗಿಯೇ ಬರುವುದೆಂದು ಅವರ ನಂಬಿಕೆ. ಹಲ್ಲು ಕೀಳುವುದಕ್ಕೆ ಅವರು ಕಡುವಿರೋಧಿ. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ಮಾತಿನಂತೆಯೇ ನಡೆದರು. ಆದರೆ ಎಷ್ಟೋ ಮಂದಿಯ ತುಟಿ ಉಬ್ಬಿಯೇ ಉಳಿಯಿತು, ಸರಿಪಡಿಸಿದ ಹಲ್ಲು ಮತ್ತೆ ಸಾಲು ತಪ್ಪಿತು. ಅಂಥವರನ್ನು ಕರೆಸಿ, ಹಲ್ಲು ಕಿತ್ತು ಮರಳಿ ಚಿಕಿತ್ಸೆ ಮಾಡಿ, ನೂರು ಮಂದಿಯ ಫಲಿತಾಂಶವನ್ನು 1940ರಲ್ಲಿ ವೈದ್ಯರ ಸಭೆಯ ಮುಂದಿಟ್ಟರು. ತನ್ನ ತಪ್ಪನ್ನು ತಾನೇ ಹೀಗೆ ನೂರು ಸಲ ಬಿಚ್ಚಿಡುವ ಎದೆಗಾರಿಕೆ ಎಲ್ಲರಿಗೂ ಬರುವುದಲ್ಲ.

ಇಂದು ನಮ್ಮ ಮನೆಗಳಲ್ಲಿಯೂ ತಾಯಿತಂದೆಯರ ನಿದ್ದೆ ಕೆಡಿಸುವುದು ಇದೇ ಪ್ರಶ್ನೆ: ಕ್ಲಿಪ್ಪಿಗೆಂದು ಮಗುವಿನ ಒಳ್ಳೆಯ ಹಲ್ಲುಗಳನ್ನು ಕೀಳಿಸಬೇಕೇ? ಹಲ್ಲುಸಾಲು ಹಿಂದೆ ಸರಿದರೆ ತುಟಿಯೂ ತುಸು ಒಳಸರಿಯಬಹುದು. ಬೆಳೆಯುವ ವಯಸ್ಸಿನಲ್ಲಿ ಮೂಗು, ಗಲ್ಲಗಳು ಮುಂದೆ ಬರುತ್ತಿರುತ್ತವೆ. ಇಂದಿನ ಉಬ್ಬುತುಟಿ ನಾಲ್ಕು ವರ್ಷಗಳ ಮೇಲೆ ಅಷ್ಟು ಉಬ್ಬಾಗಿ ಕಾಣದೆಯೂ ಹೋಗಬಹುದು. ಪ್ಲಾಸ್ಟರಿನ ಗೊಂಬೆಗೆ ತುಟಿಯೂ ಇಲ್ಲ, ಮೂಗೂ ಇಲ್ಲ. ಮುಖದ ಅಳತೆಯೊಳಗೆ ಹಲ್ಲಿನ ಅಳತೆಯನ್ನು ಕೂರಿಸಿ ನೋಡಿದಾಗ ವೈದ್ಯರಿಗೆ ಎರಡೂ ಒಟ್ಟಿಗೆ ಕಾಣುತ್ತವೆ. ವರ್ಷದ ಮೇಲೆ ಇನ್ನೊಮ್ಮೆ ಅಳೆದು ಒಂದರ ಮೇಲೊಂದನ್ನು ಇರಿಸಿದರೆ, ಎಲ್ಲಿ ಎಷ್ಟು ಬದಲಾಯಿತೆಂಬುದು ಬಣ್ಣಗಳಲ್ಲಿ ತೋರುತ್ತದೆ. ಕೀಳಬೇಕೋ ಬೇಡವೋ ಎಂಬ ತೀರ್ಮಾನವನ್ನು ಯಂತ್ರ ಹೇಳದು. ಹೇಳಿತೆಂದು ಯಾರಾದರೂ ಎಂದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ಲೇಸು.

ಎಚ್ಚರವಿರಬೇಕಾದ ಸಂಗತಿ ಇನ್ನೊಂದಿದೆ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್ ಆರಂಭಿಸಿದ ಸಂಸ್ಥೆಯಿಂದ, ತಂತಿಯಿಲ್ಲದ ಪಾರದರ್ಶಕ ಕವಚಗಳು ಬಳಕೆಗೆ ಬಂದವು. ಕಂಪ್ಯೂಟರಿನಲ್ಲಿ ಹಲ್ಲನ್ನು ಸ್ವಲ್ಪಸ್ವಲ್ಪವಾಗಿ ಸರಿಸಿ, ಒಂದೊಂದು ಹೆಜ್ಜೆಗೂ ಒಂದೊಂದು ಕವಚ ಮಾಡುತ್ತಾರೆ. ಅಂದಿನಿಂದ ಚಿಕಿತ್ಸೆಗೆ ಮುಂಚೆಯೇ ತೆರೆಯ ಮೇಲೆ ಹಲ್ಲುಗಳು ಅರ್ಧ ನಿಮಿಷದಲ್ಲಿ ನಡೆದುಹೋಗಿ ಸಾಲಿಗೆ ನಿಲ್ಲುವ ದೃಶ್ಯವನ್ನು ತೋರಿಸುವುದು ಬಳಕೆಯಾಗಿದೆ. ಕಂಡ ತಾಯಿಯ ಮುಖ ಅರಳುತ್ತದೆ. ಆದರೆ ಅದು ವೈದ್ಯರ ಸಂಕಲ್ಪದ ಚಿತ್ರ, ಭವಿಷ್ಯದ ಫೋಟೋ ಅಲ್ಲ. ನಿಜವಾದ ಹಲ್ಲು ಮೂಳೆಯೊಳಗೆ ನಿಂತಿದೆ. ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರವಿದೆ. ಹಲ್ಲನ್ನು ಒತ್ತಿದ ಕಡೆ ಮೂಳೆ ಕರಗಬೇಕು, ಹಿಂದುಗಡೆ ಹೊಸ ಮೂಳೆ ಕಟ್ಟಬೇಕು. ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರು ಅದರ ನಡಿಗೆ. ಅವಸರಪಟ್ಟು ಬಲವಾಗಿ ಒತ್ತಿದರೆ ಬೇರು ಸವೆಯುವ ಭಯವಿದೆ. ಬೆಳಕಿನ ಯಂತ್ರಕ್ಕೆ ಈ ಬೇರೂ ಕಾಣದು, ಮೂಳೆಯೂ ಕಾಣದು. ಕೋರೆಹಲ್ಲು ಮೂಳೆಯಲ್ಲೇ ಹುದುಗಿದ್ದರೆ ಅದಕ್ಕೆ ಬೇರೆಯ ಕ್ಷ-ಕಿರಣದ ಚಿತ್ರ ಬೇಕು. ಅದನ್ನೂ ಎಲ್ಲ ಮಕ್ಕಳಿಗೂ ತೆಗೆಸಬಾರದು. ಅಗತ್ಯ ಬಿದ್ದವರಿಗೆ ಮಾತ್ರ.

ಇಷ್ಟು ಮಿತಿಗಳ ನಡುವೆಯೂ ಈ ಬೆಳಕಿನ ಅಚ್ಚಿಗೆ ನಿಸ್ಸಂದೇಹವಾಗಿ ಕೈಮುಗಿಯಬೇಕಾದ ಒಂದೆಡೆಯಿದೆ. ಸೀಳುತುಟಿ, ಸೀಳಂಗುಳಗಳೊಡನೆ ಹುಟ್ಟಿದ ಹಸುಗೂಸುಗಳಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ, ಬೇರೆಯಾದ ವಸಡಿನ ಅಂಚುಗಳನ್ನು ಹತ್ತಿರ ತರಲು ಅಂಗುಳಕ್ಕೆ ಪುಟ್ಟ ಫಲಕ ಕೂರಿಸುವುದುಂಟು. ಅದಕ್ಕೂ ಅಚ್ಚು ಬೇಕು. ಕೆಲವೇ ವಾರಗಳ ಕೂಸಿನ ಬಾಯಿಗೆ ಆ ಮೆತ್ತನೆಯ ವಸ್ತುವನ್ನು ಒತ್ತುವಾಗ, ಅದರ ಚೂರೊಂದು ಸೀಳಿನಲ್ಲಿ ಸಿಕ್ಕಿ ಉಸಿರು ಕಟ್ಟೀತೆಂಬ ಅಂಜಿಕೆಯಿಂದ ವೈದ್ಯರು, ದಾದಿಯರು ಸನ್ನದ್ಧರಾಗಿ ನಿಲ್ಲಬೇಕು. ತಾಯಿಯ ಅವಸ್ಥೆಯನ್ನಂತೂ ಹೇಳುವುದೇ ಬೇಡ. ಬೆಳಕಿನ ಕೋಲಾದರೆ, ಕೂಸು ಅತ್ತೊಡನೆ ಹೊರತೆಗೆದು, ತಾಯಿ ಎತ್ತಿಕೊಂಡು ಸಮಾಧಾನಪಡಿಸುವವರೆಗೆ ಕಾದು, ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದಲೇ ಮುಂದುವರಿಸಬಹುದು.