ಶುದ್ಧ ನೀರಿನ ಅಸಮಾನ ಹಂಚಿಕೆ: ಉದ್ಯಮಿಗಳ ಹೊಣೆಯೇನು?

ವಿದ್ಯುತ್ ದರ, ರಸ್ತೆ, ತೆರಿಗೆಗಳ ಕುರಿತು ವಾಣಿಜ್ಯೋದ್ಯಮ ಸಂಸ್ಥೆಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಗಳಿಗೆ ಲೆಕ್ಕವಿಲ್ಲ. ಆದರೆ ನಮ್ಮಲ್ಲಿ ದುಡಿಯುವವರ ಮನೆಗಳಿಗೆ ಬರುವ ಕುಡಿಯುವ ನೀರಿನ ಬಗ್ಗೆ ನಾವು ದನಿಯೆತ್ತಿದ ಪ್ರಸಂಗಗಳು ವಿರಳ. ಅದು ನಗರಸಭೆಯ ಕೆಲಸ, ವ್ಯವಹಾರಕ್ಕೆ ಸಂಬಂಧಿಸಿದ್ದಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸರಿಯಲ್ಲ.

ಮೊದಲು ಬೆಲೆಯ ಲೆಕ್ಕವನ್ನೇ ನೋಡೋಣ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ, 5 ಕಿ.ಮೀ. ಒಳಗಿನ 6,000 ಲೀಟರ್ ಟ್ಯಾಂಕರಿಗೆ ಜಿಲ್ಲಾಡಳಿತ 600 ರೂ. ದರ ನಿಗದಿಪಡಿಸಿತು. ಎಂದರೆ ಸಾವಿರ ಲೀಟರಿಗೆ 100 ರೂ. ಅದೇ ವೇಳೆ ಜಲಮಂಡಳಿಯ ನಲ್ಲಿ ಹೊಂದಿದ್ದ ಮನೆಗೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ ಕೇವಲ 7 ರೂ. ದರವಿತ್ತು. ನಲ್ಲಿ ಇಲ್ಲದವನು ಸರ್ಕಾರಿ ದರದಲ್ಲಿ ಕೊಂಡರೂ 14 ಪಟ್ಟು ತೆರಬೇಕಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವೆ ಕಳೆದದ್ದು 17 ವರ್ಷ.

ನಲ್ಲಿ ಇದ್ದ ಮಾತ್ರಕ್ಕೆ ನೀರು ಶುದ್ಧವೆನ್ನಲಾಗದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ನಗರಗಳ ಆಯ್ದ ಬಡಾವಣೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ 2007-08ರ ಸುಮಾರಿಗೆ ದಿನದ 24 ಗಂಟೆಯೂ ನೀರು ಪೂರೈಸುವ ವ್ಯವಸ್ಥೆ ಬಂದಿತು. ಉಳಿದ ಬಡಾವಣೆಗಳು ಕೆಲವು ದಿನಗಳಿಗೊಮ್ಮೆ ಬರುವ ನೀರಿಗೆ ಕಾಯುತ್ತಿದ್ದವು. ಹುಬ್ಬಳ್ಳಿ-ಧಾರವಾಡದಲ್ಲಿ ಈ ಎರಡನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ನಿರಂತರ ಪೂರೈಕೆಗಿಂತ ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲಮೂಲದ ರೋಗಾಣು ಸೂಚಕಗಳು ಬಹಳ ಹೆಚ್ಚೆಂದು ತೋರಿಸಿತು. ಕಾರಣ ಸರಳ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇಲ್ಲವಾಗಿ, ಸುತ್ತಲಿನ ಚರಂಡಿಯ ಕೊಳೆ ಬಿರುಕುಗಳಿಂದ ಒಳಸೇರುತ್ತದೆ. ಸಂಪು, ಶುದ್ಧೀಕರಣ ಯಂತ್ರ ಉಳ್ಳವನು ಪಾರಾಗುತ್ತಾನೆ. ಬಿಂದಿಗೆಯಲ್ಲಿ ತುಂಬಿಡುವವನು ಅದನ್ನೇ ಕುಡಿಯುತ್ತಾನೆ. 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಮರೆಯುವಂತಿಲ್ಲ.

ಹಳ್ಳಿಗಳ ಸ್ಥಿತಿಯೂ ಭಿನ್ನವಲ್ಲ. ಕೋಲಾರ, ಪಾವಗಡದ ಕಡೆ ಕೊಳವೆಬಾವಿ ಆಳಕ್ಕಿಳಿದಂತೆಲ್ಲ ಫ್ಲೋರೈಡಿನ ಕಾಟ. ನಗರದ ನಿವಾಸಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದ್ದರೆ, 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮಸ್ಥನಿಗೆ ಗೊತ್ತುಪಡಿಸಿದ್ದು 55 ಲೀಟರ್. ಅಸಮಾನತೆ ಮಾನದಂಡದಲ್ಲಿಯೇ ಅಡಕವಾಗಿದೆ.

"ಹೆಚ್ಚು ತೆರಿಗೆ ಕಟ್ಟುವವರು ನಾವು, ಹೆಚ್ಚು ನೀರು ನಮಗೆ ಸಲ್ಲಬೇಕು" ಎಂಬ ವಾದ ಕೇಳಿಬರುವುದುಂಟು. ಉದ್ಯಮಕ್ಕೆ ನೀರು ಬೇಕು ನಿಜ. ಆದರೆ ನೀರು ಬಿಡುವ ದಿನ ಕಾರ್ಮಿಕ ಗೈರುಹಾಜರಾದರೆ, ಮಗುವಿಗೆ ವಾಂತಿಭೇದಿಯೆಂದು ತಾಯಿ ಮನೆಯಲ್ಲಿಯೇ ಉಳಿದರೆ, ನಿಲ್ಲುವುದು ನಮ್ಮ ಯಂತ್ರವೇ. ಟ್ಯಾಂಕರಿಗೆ ಸುರಿದ ಕೂಲಿಯ ಹಣ ನಮ್ಮ ಅಂಗಡಿಗಳಿಗೆ ಬಾರದು. ನೀರಿನ ಅಸಮಾನತೆಯ ಬೆಲೆಯನ್ನು ನಾವೂ ತೆರುತ್ತಿದ್ದೇವೆ. ಲೆಕ್ಕಪುಸ್ತಕದಲ್ಲಿ ಅದಕ್ಕೊಂದು ಶೀರ್ಷಿಕೆ ಇಲ್ಲ, ಅಷ್ಟೆ.

ಆದ್ದರಿಂದ ಸದಸ್ಯರು ಮೂರು ವಿಷಯಗಳನ್ನು ಪರಿಶೀಲಿಸಬೇಕು. ಒಂದು, ಮುಖ್ಯ ಕೊಳವೆಗೆ ನೇರವಾಗಿ ಮೋಟಾರು ಜೋಡಿಸುವ ಪದ್ಧತಿಯನ್ನು ನಮ್ಮ ಅಂಗಡಿ, ಕಾರ್ಖಾನೆಗಳಿಂದಲೇ ತೊಡೆಯಬೇಕು. ಒಬ್ಬ ಎಳೆದುಕೊಂಡ ನೀರು ಕೊನೆಯ ಮನೆಯ ಪಾಲಿನದು. ಎರಡು, ತೊಳೆಯಲು, ತಂಪುಗೊಳಿಸಲು ಸಂಸ್ಕರಿಸಿದ ತ್ಯಾಜ್ಯನೀರನ್ನು ಬಳಸಿ, ಕುಡಿಯುವ ನೀರನ್ನು ಕುಡಿಯುವುದಕ್ಕೆ ಬಿಡಬೇಕು. ಮೂರು, ಬಡ ಕುಟುಂಬಗಳಿಗೆ ನಲ್ಲಿ ಸಂಪರ್ಕದ ಶುಲ್ಕವನ್ನು ಕಂತುಗಳಲ್ಲಿ ಕಟ್ಟುವ ಅವಕಾಶ, ಮೀಟರ್ ಅಳವಡಿಕೆ ಹಾಗೂ ವಾರ್ಡುವಾರು ನೀರಿನ ಪರೀಕ್ಷಾ ವರದಿಯ ಪ್ರಕಟಣೆಗೆ ಸಂಸ್ಥೆಯು ಒತ್ತಾಯಿಸಬೇಕು. ಬಳಸಿದಷ್ಟಕ್ಕೆ ನ್ಯಾಯವಾದ ದರ ತೆರಲು ನಾವೂ ಸಿದ್ಧರಿರಬೇಕು.

ಮುಂದಿನ ಆಯವ್ಯಯಪೂರ್ವ ಮನವಿಯಲ್ಲಿ ವಿದ್ಯುತ್ತು, ರಸ್ತೆಗಳ ಜೊತೆಗೆ ಕಾರ್ಮಿಕರ ಬಡಾವಣೆಗಳ ಕುಡಿಯುವ ನೀರಿಗೂ ಸ್ಥಾನ ದೊರೆಯಲಿ.